ಮನೆಗೆ ಆರೋಗ್ಯ ಸಮೀಕ್ಷೆಯವರು ಬಂದಾಗ: ತಾಯಿ-ಮಗುವಿನ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯಾಬ್ಲೆಟ್ ಹಿಡಿದು, ತೂಕದ ಯಂತ್ರ ಹೊತ್ತು ಅಪರಿಚಿತರು ಬೀದಿಗೆ ಬಂದರೆ ಮೊದಲು ಮೂಡುವುದು ಅನುಮಾನ. ಸಾಲದವರೇ, ಮೀಟರಿನವರೇ, ಪಕ್ಷದವರೇ? ಈ ಉತ್ತರಗಳು ಮುಖ್ಯವಾಗಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕುರಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು ಎಲ್ಲರೂ ಎನ್‌ಎಫ್‌ಎಚ್‌ಎಸ್ ಅನ್ನುತ್ತಾರೆ. ಬಾಗಿಲು ತೆರೆಯುವ ಮನೆಯವರು, ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು, ವರದಿ ಬಂದ ದಿನ ತಲೆಬರಹ ಹುಡುಕುವ ಪತ್ರಕರ್ತರು, ಈ ಮೂವರೂ ಕೇಳುವ ಪ್ರಶ್ನೆಗಳು ಇಲ್ಲಿ ಬೆರೆತಿವೆ. ಇದು ಸರ್ಕಾರದ ಪ್ರಕಟಣೆಯಲ್ಲ.

ಈ ಸಮೀಕ್ಷೆ ಯಾರದು? ಯಾವಾಗಿನಿಂದ ನಡೆಯುತ್ತಿದೆ?

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ್ದು. ನಡೆಸುವ ಹೊಣೆ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯದು. ಮೊದಲ ಸುತ್ತು 1992-93ರಲ್ಲಿ ನಡೆಯಿತು. ಆಮೇಲೆ 1998-99, 2005-06, 2015-16, 2019-21. ಆರನೆಯದರ ಕ್ಷೇತ್ರಕಾರ್ಯ 2023-24ರಲ್ಲಿ ಆಯಿತು. ಐದನೆಯ ಸುತ್ತಿನಲ್ಲಿ 707 ಜಿಲ್ಲೆಗಳ 6,36,699 ಮನೆಗಳಿಗೆ ಹೋಗಿ 15ರಿಂದ 49 ವರ್ಷದ 7,24,115 ಮಹಿಳೆಯರನ್ನೂ 15ರಿಂದ 54ರ 1,01,839 ಪುರುಷರನ್ನೂ ಮಾತನಾಡಿಸಿದರು. ಕರ್ನಾಟಕದ ಕೆಲಸ 2019ರಲ್ಲೇ, ಅಂದರೆ ಕೋವಿಡ್‌ಗೆ ಮುಂಚೆಯೇ ಮುಗಿದಿತ್ತು. ಬೇರೆ ಕೆಲವು ರಾಜ್ಯಗಳ ಕೆಲಸ ಲಾಕ್‌ಡೌನ್ ದಾಟಿ 2021ರ ಏಪ್ರಿಲ್‌ವರೆಗೆ ಎಳೆಯಿತು. ರಾಜ್ಯ ರಾಜ್ಯಗಳನ್ನು ಹೋಲಿಸಿ ಬರೆಯುವವರು ಇದನ್ನು ಮರೆಯುತ್ತಾರೆ.

ನಮ್ಮ ಕಡೆ ಇಂಥ ಕೆಲಸಕ್ಕೆ ಇನ್ನೂ ಹಳೆಯ ಬೇರಿದೆ. 1951-52ರಲ್ಲೇ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ಆಗಿನ ಮೈಸೂರು ರಾಜ್ಯದ ಆಯ್ದ ಪ್ರದೇಶಗಳಲ್ಲಿ ಮನೆಮನೆ ಸುತ್ತಿ ಮದುವೆ, ಹೆರಿಗೆ, ಸಾವುಗಳ ಬಗ್ಗೆ ವಿಚಾರಿಸಿದ್ದವು. ಜನಸಂಖ್ಯಾ ಅಧ್ಯಯನದವರ ನಡುವೆ ಮೈಸೂರಿನ ಆ ಕೆಲಸಕ್ಕೆ ಇವತ್ತಿಗೂ ಹೆಸರಿದೆ. ಮೈಸೂರಿನಲ್ಲಿ ಮಾತ್ರ ಅದನ್ನು ಬಲ್ಲವರು ಕಡಿಮೆ.

ಆಶಾ ಹತ್ತಿರ, ಅಂಗನವಾಡಿ ಟೀಚರ್ ಹತ್ತಿರ ಎಲ್ಲ ಬಸುರಿ-ಬಾಣಂತಿಯರ ಲೆಕ್ಕ ಇದೆಯಲ್ಲ. ಮತ್ತೆ ಯಾಕೆ?

ಇದೆ, ಬಹಳಷ್ಟು ಕಡೆ ಚೆನ್ನಾಗಿಯೇ ಇದೆ. ಆದರೆ ರಿಜಿಸ್ಟರಿನಲ್ಲಿ ಇರುವುದು ಬಂದವರ ಲೆಕ್ಕ. ನೂರು ಬಸುರಿಯರು ತಪಾಸಣೆಗೆ ಬಂದರು ಅಂತ ಪ್ರಾಥಮಿಕ ಆರೋಗ್ಯ ಕೇಂದ್ರ ಹೇಳಬಲ್ಲದು. ಊರಲ್ಲಿ ಒಟ್ಟು ಎಷ್ಟು ಬಸುರಿಯರಿದ್ದರು ಎಂಬುದು ಅದಕ್ಕೆ ಅಂದಾಜು ಮಾತ್ರ. ಆ ಅಂದಾಜು ತಪ್ಪಿದರೆ ನೂರಕ್ಕೆ ನೂರಾ ಹತ್ತು ಮಕ್ಕಳಿಗೆ ಲಸಿಕೆ ಹಾಕಿದಂತೆ ಕಾಣುವ ವಿಚಿತ್ರವೂ ಆಗುತ್ತದೆ, ಆಗಿದೆ. ಇನ್ನೊಂದು ಮುಜುಗರದ ವಿಷಯ: ಗುರಿ ಕೊಟ್ಟು, ಆ ಗುರಿ ಮುಟ್ಟಿದಿರಾ ಅಂತ ಅದೇ ಕಾರ್ಯಕರ್ತೆಯನ್ನು ಕೇಳಿ, ಪ್ರೋತ್ಸಾಹಧನವನ್ನೂ ಅದಕ್ಕೇ ಕಟ್ಟಿಹಾಕಿದರೆ ಉತ್ತರ ಯಾವ ಕಡೆ ವಾಲುತ್ತದೆ? ಆಶಾಗಳ ಮೇಲೆ ಅಪನಂಬಿಕೆಯಿಂದ ಹೇಳುತ್ತಿಲ್ಲ. ಯಾರನ್ನು ಆ ಜಾಗದಲ್ಲಿ ನಿಲ್ಲಿಸಿದರೂ ಅಷ್ಟೇ.

ಹೊರಗಿನವರು ಬಂದು, ಸೇವೆ ಕೊಟ್ಟವರನ್ನು ಬಿಟ್ಟು ಪಡೆದವರನ್ನು ಕೇಳುವುದಕ್ಕೆ ಅದಕ್ಕೇ ಬೆಲೆ. ಇದೇ ಕಾರಣಕ್ಕೆ ಸಂದರ್ಶನದ ಹೊತ್ತಿನಲ್ಲಿ ಆಶಾ ಪಕ್ಕದಲ್ಲಿ ಇರಕೂಡದು. ಮನೆ ತೋರಿಸಿಕೊಟ್ಟರೆ ಬಹಳ ಉಪಕಾರ. ತೋರಿಸಿ ಹೊರಟುಬಿಡಬೇಕು.

ಊರಲ್ಲಿ ಇಷ್ಟು ಮನೆಗಳಿರುವಾಗ ನಮ್ಮದೇ ಯಾಕೆ?

ಚೀಟಿ ಎತ್ತಿದ ಹಾಗೆ ಬಂದಿದೆ. ಮೊದಲು ಜನಗಣತಿಯ ಪಟ್ಟಿಯಿಂದ ಹಳ್ಳಿಗಳನ್ನೂ, ನಗರಗಳಲ್ಲಾದರೆ ಗಣತಿ ಬ್ಲಾಕುಗಳನ್ನೂ ಆರಿಸುತ್ತಾರೆ. ದೊಡ್ಡ ಹಳ್ಳಿಗೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚು. ಆಮೇಲೆ ಒಂದು ತಂಡ ಬಂದು ಇಡೀ ಊರಿನ ನಕ್ಷೆ ಬರೆದು, ಮನೆಗಳನ್ನೆಲ್ಲ ಪಟ್ಟಿ ಮಾಡಿಕೊಂಡು ಹೋಗುತ್ತದೆ. ಆ ಪಟ್ಟಿಯಿಂದ ಒಂದೇ ಅಂತರದಲ್ಲಿ 22 ಮನೆಗಳನ್ನು ಎತ್ತುತ್ತಾರೆ. ಗೌಡರ ಮನೆ, ಬಸ್‌ಸ್ಟ್ಯಾಂಡಿನ ಹತ್ತಿರದ ಮನೆ, ನಾಯಿ ಇಲ್ಲದ ಮನೆ ಅಂತ ಆರಿಸುವ ಸ್ವಾತಂತ್ರ್ಯ ಬಾಗಿಲಿಗೆ ಬರುವವರಿಗೆ ಇಲ್ಲ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂಬ ಮಾತನ್ನು ತರಬೇತಿಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಾತ್ರೆಯ ಅನ್ನಕ್ಕೆಲ್ಲ ಒಂದೇ ಉರಿ ತಾಗಿರುತ್ತದೆ, ಊರಿಗೆ ಹಾಗಲ್ಲ. ಕೇರಿಯಿಂದ ಕೇರಿಗೆ, ತಾಂಡಾದಿಂದ ಹಾಡಿಗೆ ಬದುಕು ಬೇರೆ. ಮನೆಪಟ್ಟಿ ಮಾಡುವವರು ಊರಾಚೆಯ ನಾಲ್ಕು ಗುಡಿಸಲು ಬಿಟ್ಟರೆ ಆ ಬದುಕು ಅಂಕಿಯಿಂದಲೇ ಹೊರಗುಳಿಯುತ್ತದೆ, ಮುಂದೆ ಎಂಥ ಲೆಕ್ಕಶಾಸ್ತ್ರಜ್ಞ ಬಂದರೂ ಒಳಗೆ ತರಲಾರ. ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡುಗಳು, ಇಟ್ಟಿಗೆ ಗೂಡಿನ ಬಳಿಯ ಬಿಡಾರಗಳು ಹೀಗೆ ಜಾರಿಹೋಗುವುದೇ ಹೆಚ್ಚು. ಬಾಣಂತಿಯರಿಗೆ ತೊಂದರೆ ಹೆಚ್ಚಿರುವುದೂ ಅಲ್ಲೇ.

ನಮಗೆ ಪುರುಸೊತ್ತಿಲ್ಲ, ಪಕ್ಕದ ಮನೆಯವರನ್ನು ಕೇಳಿ ಅಂದರೆ ಯಾಕೆ ಒಪ್ಪುವುದಿಲ್ಲ?

ಹಗಲು ಮನೆಯಲ್ಲಿ ಸಿಗುವವರನ್ನಷ್ಟೇ ಕೇಳುತ್ತ ಹೋದರೆ ಹೊಲಕ್ಕೆ, ಗಾರ್ಮೆಂಟ್ಸಿಗೆ, ತೋಟಕ್ಕೆ ಹೋಗುವ ಹೆಂಗಸರೆಲ್ಲ ಬಿಟ್ಟುಹೋಗುತ್ತಾರೆ. ಬದಲಿ ಮನೆ ಇಲ್ಲ ಅನ್ನುವುದು ಈ ಕೆಲಸದ ಕಟ್ಟುನಿಟ್ಟಿನ ನಿಯಮ. ಬೀಗ ಕಂಡರೆ ಮತ್ತೆ ಬರಬೇಕು, ಬೆಳಿಗ್ಗೆ ಬೇಗ ಅಥವಾ ಸಂಜೆ ದೀಪ ಹಚ್ಚಿದ ಮೇಲೆ. ನಿಮಗೆ ಬೇಡವೇ ಬೇಡವೆಂದರೆ ಬೇಡ ಅನ್ನಬಹುದು. ಜನಗಣತಿಗೆ ಉತ್ತರಿಸುವುದು ಕಾನೂನಿನ ಕಟ್ಟಳೆ, ಇದು ಹಾಗಲ್ಲ. ಒಪ್ಪಿದ ಮೇಲೂ ಯಾವುದೇ ಪ್ರಶ್ನೆಗೆ ಉತ್ತರಿಸದೆ ಬಿಡಬಹುದು, ನಡುವೆ ನಿಲ್ಲಿಸಲೂಬಹುದು. ಮದುವೆಯಾಗದ 15ರಿಂದ 17ರ ಹುಡುಗಿಯಾದರೆ ಮೊದಲು ಹೆತ್ತವರ ಒಪ್ಪಿಗೆ, ಆಮೇಲೆ ಅವಳದೂ ಬೇಕು.

ರೇಷನ್ ಕಾರ್ಡ್ ರದ್ದಾಗುತ್ತಾ? ಗೃಹಲಕ್ಷ್ಮಿ ದುಡ್ಡು ನಿಲ್ಲುತ್ತಾ?

ಇಲ್ಲ. ಬಿಪಿಎಲ್ ಕಾರ್ಡ್ ಇದೆಯೇ, ಫ್ರಿಜ್ ಇದೆಯೇ, ನೆಲ ಎಂಥದ್ದು, ಅಡುಗೆ ಯಾವುದರಲ್ಲಿ, ಶೌಚಾಲಯ ಇದೆಯೇ ಎಂದು ಕೇಳುತ್ತಾರೆ, ನಿಜ. ಮನೆಯ ಆದಾಯ ಕೇಳುವುದಿಲ್ಲ, ಯಾಕೆಂದರೆ ಅದಕ್ಕೆ ನೆಟ್ಟಗೆ ಉತ್ತರ ಸಿಗುವುದಿಲ್ಲ. ಬದಲಿಗೆ ಮನೆಯ ಸಾಮಾನು-ಸೌಕರ್ಯ ನೋಡಿ ದೇಶದ ಮನೆಗಳನ್ನು ಐದು ಮೆಟ್ಟಿಲುಗಳಲ್ಲಿ ಜೋಡಿಸುತ್ತಾರೆ. ಕೆಳಮೆಟ್ಟಿಲಿನ ತಾಯಂದಿರಿಗೂ ಮೇಲಿನವರಿಗೂ ಹೆರಿಗೆ ಸೌಲಭ್ಯದಲ್ಲಿ ಎಷ್ಟು ಅಂತರ ಎಂದು ತಿಳಿಯುವುದು ಇದರಿಂದಲೇ. ಆಹಾರ ಇಲಾಖೆಗೆ ನಿಮ್ಮ ಹೆಸರಿನ ಪಟ್ಟಿ ಹೋಗುವುದಿಲ್ಲ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ನೆನಪಿನಲ್ಲಿ ಇದೂ ಜಾತಿ ಲೆಕ್ಕವೇ ಎಂದುಕೊಳ್ಳುವವರಿದ್ದಾರೆ. ಜಾತಿ-ಧರ್ಮದ ಪ್ರಶ್ನೆ ಇಲ್ಲೂ ಬರುತ್ತದೆ, ಆದರೆ ಉದ್ದೇಶ ಆರೋಗ್ಯದ ಅಂತರ ಅಳೆಯುವುದು.

ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಅವಳ ಲೆಕ್ಕ ಎಲ್ಲಿ?

ನಮ್ಮ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಚೊಚ್ಚಲಿಗೆ ತವರಿಗೆ ಬಂದು ಮೂರೋ ಐದೋ ತಿಂಗಳು ನಿಲ್ಲುವುದು ವಾಡಿಕೆ. ಸಮೀಕ್ಷೆಯ ನಿಯಮ ಸರಳ: ಹಿಂದಿನ ರಾತ್ರಿ ಯಾರು ಈ ಮನೆಯಲ್ಲಿ ಮಲಗಿದ್ದರೋ ಅವರ ಲೆಕ್ಕ ಇಲ್ಲಿ. ಹಾಗಾಗಿ ಕಲಬುರಗಿಗೆ ಕೊಟ್ಟ ಮಗಳು ಹಾಸನದ ತವರಿನಲ್ಲಿ ಮಲಗಿದ್ದರೆ ಹಾಸನದಲ್ಲೇ ಅವಳ ಸಂದರ್ಶನ. "ಅವಳು ನಮ್ಮ ಮನೆಯವಳಲ್ಲ, ಬರೀಬೇಡಿ" ಅಂತ ಅಪ್ಪ ಹೇಳುತ್ತಾನೆ, ಗಂಡನ ಮನೆಯಲ್ಲಿ "ಅವಳು ಊರಲ್ಲಿಲ್ಲ" ಅನ್ನುತ್ತಾರೆ. ಎರಡೂ ಕಡೆ ಕೈಬಿಟ್ಟರೆ ಹೋದದ್ದು ಯಾರ ಲೆಕ್ಕ? ಈಗಷ್ಟೇ ಹೆತ್ತವಳದು, ಈ ಸಮೀಕ್ಷೆಗೆ ಎಲ್ಲರಿಗಿಂತ ಮುಖ್ಯಳಾದವಳದು. ಹೊಸ ಸಂದರ್ಶಕಿಯರಿಗೆ ನಾನು ಮೊದಲು ಹೇಳುವ ಮಾತೇ ಇದು. ಮನೆಯ ಸದಸ್ಯರನ್ನೆಲ್ಲ ಬರೆದುಕೊಂಡ ಮೇಲೆ "ನಿನ್ನೆ ರಾತ್ರಿ ಇಲ್ಲಿ ಬೇರೆ ಯಾರಾದರೂ ಮಲಗಿದ್ದರಾ, ಕೂಸುಗಳೂ ಸೇರಿ?" ಎಂದು ಇನ್ನೊಮ್ಮೆ ಕೇಳಿ. ಒಳಕೋಣೆಯಲ್ಲಿ ಸಾಂಬ್ರಾಣಿ ಹೊಗೆಯಾಡುತ್ತಿದ್ದರೆ ಮೂರನೇ ಸಲವೂ ಕೇಳಿ.

ಹುಟ್ಟಿದ ತಾರೀಕು ನೆನಪಿಲ್ಲದಿದ್ದರೆ?

ಇಡೀ ಸಮೀಕ್ಷೆ ನಿಂತಿರುವುದು ತಾರೀಕುಗಳ ಮೇಲೆ. ಹೆತ್ತ ಮಕ್ಕಳನ್ನೆಲ್ಲ ಮೊದಲನೆಯದರಿಂದ ಕೊನೆಯವರೆಗೆ, ಬದುಕಿರುವವರೂ ತೀರಿಕೊಂಡವರೂ ಸೇರಿ, ಒಂದೊಂದಾಗಿ ಬರೆದುಕೊಳ್ಳುತ್ತಾರೆ. ಹುಟ್ಟಿದ ತಿಂಗಳು, ವರ್ಷ, ಗಂಡೋ ಹೆಣ್ಣೋ, ಅವಳಿಯೋ. ಆಧಾರ್, ಜನನ ಪತ್ರ, ತಾಯಿ ಕಾರ್ಡ್, ಶಾಲೆಯ ದಾಖಲೆ ಇದ್ದರೆ ನೋಡುತ್ತಾರೆ. ಆಧಾರಿನಲ್ಲಿ ಜನವರಿ 1 ಕಂಡರೆ ನಂಬುವ ಮುಂಚೆ ತಾಯಿಯನ್ನು ಕೇಳಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಹುಟ್ಟುಹಬ್ಬಗಳೂ ನಾಡಿನ ತುಂಬ ಇವೆ.

ಕಾಗದ ಇಲ್ಲದಿದ್ದರೆ ಹಬ್ಬ-ಹುಣ್ಣಿಮೆಗಳೇ ಕ್ಯಾಲೆಂಡರ್. ಪಂಚಮಿಗೆ ಮುಂಚೆಯೋ ಆಮೇಲೋ? ರಾಗಿ ಕೊಯ್ಲು ಆಗಿತ್ತಾ? ಜಾತ್ರೆ ಹೊತ್ತಿಗೆ ಕೂಸು ಕೂರುತ್ತಿತ್ತಾ? ದೊಡ್ಡವನು ಶಾಲೆಗೆ ಸೇರಿದಾಗ ಇದಕ್ಕೆ ಹಾಲು ಬಿಡಿಸಿದ್ದಿರಾ? ಒಳ್ಳೆಯ ಸಂದರ್ಶಕಿಯ ಕೈಯಲ್ಲಿ "ಒಂದೆರಡು ವರ್ಷ ಆಗಿರಬೇಕು" ಎಂಬ ಮಾತು ಹತ್ತು ನಿಮಿಷದಲ್ಲಿ ಒಂದು ತಿಂಗಳ ಹೆಸರಾಗುತ್ತದೆ. ಅವಸರದವಳ ಕೈಯಲ್ಲಿ ಅದು "2 ವರ್ಷ" ಅಂತಲೇ ಟ್ಯಾಬ್ಲೆಟ್ಟಿಗೆ ಹೋಗುತ್ತದೆ. ವರದಿಯ ಗುಣಮಟ್ಟ ತೀರ್ಮಾನವಾಗುವುದು ಮುಂಬೈನ ಕಂಪ್ಯೂಟರಿನಲ್ಲಿ ಅಲ್ಲ, ಈ ಹತ್ತು ನಿಮಿಷದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಒಂದು ಕಳ್ಳದಾರಿಯೂ ಇದೆ. ಬಸುರಿನ ತಪಾಸಣೆ, ಹೆರಿಗೆ, ಲಸಿಕೆ, ಎದೆಹಾಲು ಕುರಿತ ಉದ್ದುದ್ದ ಪ್ರಶ್ನೆಗಳು ಸುಮಾರು ಕಳೆದ ಐದು ವರ್ಷದೊಳಗೆ ಹುಟ್ಟಿದ ಮಕ್ಕಳಿಗೆ ಮಾತ್ರ. ನಾಲ್ಕೂ ಮುಕ್ಕಾಲು ವರ್ಷದ ಮಗುವನ್ನು ಐದೂ ಕಾಲು ಅಂತ ಬರೆದರೆ ಸಂದರ್ಶಕಿಗೆ ಅಷ್ಟೂ ಪ್ರಶ್ನೆ ಉಳಿಯುತ್ತವೆ. 48ರ ಹೆಂಗಸನ್ನು 50 ಮಾಡಿಬಿಟ್ಟರೆ ಸಂದರ್ಶನವೇ ಇಲ್ಲ. ಹಲವು ದೇಶಗಳ ಸಮೀಕ್ಷೆಗಳಲ್ಲಿ ಇದರ ಹೆಜ್ಜೆಗುರುತು ಸಿಕ್ಕಿದೆ: ಗಡಿ ವರ್ಷದ ಈಚೆ ಮಕ್ಕಳ ಸಂಖ್ಯೆ ದಿಢೀರನೆ ಇಳಿದು, ಆಚೆ ದಿಢೀರನೆ ಏರಿರುತ್ತದೆ. ಕೆಲಸ ನಡೆಯುತ್ತಿರುವಾಗಲೇ ತಂಡ ತಂಡದ ಅಂಕಿ ಹೀಗೆ ಜರಡಿ ಹಿಡಿಯುತ್ತಾರೆ. ಯಾವ ತಂಡದಲ್ಲಿ 50 ದಾಟಿದ ಹೆಂಗಸರು ಲೆಕ್ಕಕ್ಕಿಂತ ಹೆಚ್ಚಿದ್ದಾರೋ ಆ ತಂಡದ ಮೇಲ್ವಿಚಾರಕರಿಗೆ ಫೋನ್ ಬರುತ್ತದೆ.

ತೀರಿಹೋದ ಮಗುವಿನ ಮಾತು ಯಾಕೆ ಎತ್ತುತ್ತಾರೆ? ತಾಯಿಗೆ ನೋವಾಗುವುದಿಲ್ಲವೇ?

ಆಗುತ್ತದೆ. ಅದಕ್ಕೆ ಸುತ್ತುಬಳಸಿನ ಉತ್ತರ ಬೇಡ. ಆದರೆ ಬದುಕಿರುವ ಮಕ್ಕಳನ್ನಷ್ಟೇ ಬರೆದುಕೊಂಡರೆ ಶಿಶುಮರಣ ಎಂಬುದೇ ಇಲ್ಲದ ನಾಡು ನಮ್ಮದಾಗಿಬಿಡುತ್ತದೆ.

ಸುಲಭವಾಗಿ ಬಿಟ್ಟುಹೋಗುವವರು ಹುಟ್ಟಿ ಗಂಟೆಗಳಲ್ಲಿ, ದಿನದಲ್ಲಿ ಹೋದ ಕೂಸುಗಳು. ಹೆಸರಿಟ್ಟಿರುವುದಿಲ್ಲ, ತೊಟ್ಟಿಲಿಗೆ ಹಾಕಿರುವುದಿಲ್ಲ, ಮನೆಯವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಾಗಾಗಿ "ಹುಟ್ಟಿದಾಗ ಅತ್ತಿತ್ತಾ? ಉಸಿರಾಡಿತ್ತಾ? ಸ್ವಲ್ಪ ಹೊತ್ತಾದರೂ ಜೀವ ಇತ್ತಾ?" ಎಂದು ಬೇರೆಯಾಗಿ ಕೇಳುವ ಪ್ರಶ್ನೆ ಇದೆ. ಹೊಟ್ಟೆಯಲ್ಲೇ ಸತ್ತ ಕೂಸಿಗೂ ಅತ್ತು ಆಮೇಲೆ ಹೋದ ಕೂಸಿಗೂ ವ್ಯತ್ಯಾಸ ತಿಳಿಯುವುದು ಇದರಿಂದ. ಚಿಕಿತ್ಸೆಯ ದೃಷ್ಟಿಯಿಂದ ಎರಡಕ್ಕೂ ದಾರಿ ಬೇರೆ.

ತೀರಿಕೊಂಡಾಗ ಎಷ್ಟು ವಯಸ್ಸು ಎಂಬುದಕ್ಕೂ ನಿಯಮವಿದೆ. ಒಂದು ತಿಂಗಳೊಳಗಾದರೆ ದಿನಗಳಲ್ಲಿ, ಎರಡು ವರ್ಷದೊಳಗಾದರೆ ತಿಂಗಳಲ್ಲಿ, ಅದಕ್ಕೂ ಮೇಲಾದರೆ ವರ್ಷದಲ್ಲಿ. "ವರ್ಷದ ಕೂಸು ಹೋಯ್ತಮ್ಮ" ಅಂದರೆ ಹನ್ನೊಂದು ತಿಂಗಳೇ, ಹದಿಮೂರೇ ಎಂದು ಬಿಡಿಸಿ ಕೇಳಬೇಕು. ಹನ್ನೆರಡು ತುಂಬುವ ಮುಂಚೆ ಹೋದದ್ದು ಮಾತ್ರ ಶಿಶುಮರಣದ ಲೆಕ್ಕಕ್ಕೆ ಸೇರುತ್ತದೆ.

ಈ ಉತ್ತರಗಳೆಲ್ಲ ಸೇರಿ ಏನಾಗುತ್ತದೆ ಅಂದರೆ, ಸಾವಿರ ಜನನಕ್ಕೆ ವರ್ಷದೊಳಗಿನ ಸಾವು ದೇಶದಲ್ಲಿ ಮೊದಲ ಸುತ್ತಿನ ಸುಮಾರು 79ರಿಂದ ಐದನೆಯ ಸುತ್ತಿಗೆ 35.2ಕ್ಕೆ ಇಳಿದದ್ದು ಗೊತ್ತಾಗುತ್ತದೆ. ಕರ್ನಾಟಕದ್ದು ಐದನೆಯ ಸುತ್ತಿನಲ್ಲಿ 25.4. ಅದಕ್ಕಿಂತ ಮುಖ್ಯವಾಗಿ, ದೇಶದ ಆ 35ರಲ್ಲಿ ಸುಮಾರು 25 ಸಾವು ಮೊದಲ ತಿಂಗಳಲ್ಲೇ ಆಗುತ್ತಿವೆ ಎಂಬುದು ತಿಳಿಯುತ್ತದೆ. ಹಾಗಾಗಿ ದುಡ್ಡು ಎಲ್ಲಿಗೆ ಹೋಗಬೇಕು? ನವಜಾತ ಶಿಶುಗಳ ವಿಶೇಷ ಘಟಕಕ್ಕೆ, ಹೆರಿಗೆ ಕೋಣೆಯ ಮೊದಲ ನಿಮಿಷಗಳಿಗೆ, ಮನೆಗೆ ಹೋಗಿ ಬಾಣಂತಿಯನ್ನು ನೋಡಿಬರುವ ಆಶಾಗೆ.

ಕೇಳುವ ರೀತಿ ಬಗ್ಗೆ ಒಂದೇ ಮಾತು. ತಾಯಿ ಅಳತೊಡಗಿದರೆ ಟ್ಯಾಬ್ಲೆಟ್ ಕೆಳಗಿಟ್ಟು ಸುಮ್ಮನೆ ಕೂರಬೇಕು. "ಹೋಗಲಿ ಬಿಡಿ, ಇನ್ನೊಂದಾಗುತ್ತೆ" ಅನ್ನಕೂಡದು.

ಅತ್ತೆ ಪಕ್ಕದಲ್ಲೇ ಕೂತು ಉತ್ತರ ಹೇಳುತ್ತಿದ್ದರೆ?

ಅತ್ತೆಗೂ ಮಾತನಾಡಿಸುವವರು ಬೇಕು ಅಷ್ಟೇ. ಅನುಭವಸ್ಥ ತಂಡಗಳು ಆ ಕೆಲಸವನ್ನು ಮೇಲ್ವಿಚಾರಕರಿಗೆ ಒಪ್ಪಿಸುತ್ತವೆ. ಅವರು ಜಗುಲಿಯಲ್ಲಿ ಕೂತು ಅತ್ತೆಯ ಕಾಲದ ಹೆರಿಗೆಗಳ ಕಥೆ ಕೇಳುತ್ತಾರೆ, ಸೊಸೆ ಒಳಗೆ ತನ್ನದನ್ನು ಹೇಳಿಕೊಳ್ಳುತ್ತಾಳೆ.

ಗಂಡನ ಹಿಂಸೆ ಕುರಿತ ಪ್ರಶ್ನೆಗಳಿಗೆ ಮಾತ್ರ ನಿಯಮ ಇನ್ನೂ ಬಿಗಿ. ಅವನ್ನು ಆಯ್ದ ಮನೆಗಳಲ್ಲಿ ಮಾತ್ರ, ಒಂದು ಮನೆಯಲ್ಲಿ ಒಬ್ಬಳನ್ನು ಮಾತ್ರ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡಬೇಕು. ನಡುವೆ ಯಾರಾದರೂ ಬಂದರೆ ಅಡುಗೆ ಎಣ್ಣೆಯ ಮಾತಿಗೆ ಹೊರಳಬೇಕು. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49ರ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015-16ರಲ್ಲಿ ಶೇ 20.6 ಇದ್ದರು, 2019ರಲ್ಲಿ ಶೇ 44.4. ನಾಲ್ಕೇ ವರ್ಷದಲ್ಲಿ ಹೊಡೆತ ಇಮ್ಮಡಿಯಾಯಿತೇ? ಇಂಥ ಜಿಗಿತ ಕಂಡಾಗ ನಾನು ಮೊದಲು ಅನುಮಾನಿಸುವುದು ಕೇಳಿದ ರೀತಿಯನ್ನು. ಹಿಂದೆ ಕೇಳಿದವರಿಗೆ ಬಾಯಿಬಿಡದವರು ಈ ಸಲ ಬಿಟ್ಟಿರಬಹುದು. ಆ ಎರಡರಲ್ಲಿ ಒಂದನ್ನು ಆರಿಸಿಕೊ ಎಂದರೆ ನಾನು ದೊಡ್ಡ ಅಂಕಿಯ ಕಡೆಗೇ ನಿಲ್ಲುತ್ತೇನೆ. ಇಂಥ ವಿಷಯದಲ್ಲಿ ಆಗದ್ದನ್ನು ಆಯಿತೆಂದು ಹೇಳುವವರಿಗಿಂತ ಆದದ್ದನ್ನು ನುಂಗಿಕೊಳ್ಳುವವರೇ ಹೆಚ್ಚು.

ಮನೆಯಲ್ಲಿ ಕನ್ನಡ ಆಡುವುದಿಲ್ಲ. ಸಂದರ್ಶನ ಹೇಗೆ?

ಪ್ರಶ್ನಾವಳಿ ಕನ್ನಡದಲ್ಲಿ ಇರುತ್ತದೆ. ತುಳು, ಲಂಬಾಣಿ, ಬ್ಯಾರಿ, ಕೊಡವ ಆಡುವ ಮನೆಯಲ್ಲಿ ಸಂದರ್ಶಕಿ ಆ ಮಾತು ಬಲ್ಲವಳಾದರೆ ಒಳ್ಳೆಯದು, ಇಲ್ಲದಿದ್ದರೆ ದುಭಾಷಿ ಬೇಕು. ಯಾವ ಭಾಷೆಯಲ್ಲಿ ಕೇಳಿದರು, ದುಭಾಷಿ ಇದ್ದರೇ ಎಂಬುದೂ ದಾಖಲಾಗುತ್ತದೆ. ಮನೆಯ ಶಾಲಾ ಹುಡುಗನನ್ನು ದುಭಾಷಿ ಮಾಡಿಕೊಳ್ಳುವುದು ಬೇಡ. ಅಮ್ಮನ ಗರ್ಭನಿರೋಧಕದ ಪ್ರಶ್ನೆ ಮಗನ ಬಾಯಲ್ಲಿ ಬರುವುದು ಚೆಂದವಲ್ಲ.

ತಾಯಿ ಕಾರ್ಡ್ ಕಳೆದುಹೋಗಿದೆ. ಲಸಿಕೆ ಲೆಕ್ಕ ಹೇಗೆ?

ಕಾರ್ಡ್ ಇದ್ದರೆ ಅದರಿಂದ ತಾರೀಕು ನಕಲು. ಇಲ್ಲದಿದ್ದರೆ ತಾಯಿಯ ನೆನಪು: ಎಡತೋಳಿನಲ್ಲಿ ಗುರುತು ಉಳಿಸುವ ಬಿಸಿಜಿ, ಬಾಯಿಗೆ ಹಾಕುವ ಹನಿ, ತೊಡೆಗೆ ಚುಚ್ಚುವ ಪೆಂಟಾ, ಒಂಬತ್ತು ತಿಂಗಳಿಗೆ ದಡಾರದ್ದು. ಎಷ್ಟು ಸಲ ಎಂಬಲ್ಲಿ ನೆನಪು ಕೈಕೊಡುತ್ತದೆ. ಹೀಗಾಗಿ ಕಾರ್ಡ್ ನೋಡಿ ಬರೆದವರ ಅಂಕಿಯನ್ನು ಪ್ರತ್ಯೇಕವಾಗಿಯೂ ಕೊಡುತ್ತಾರೆ. ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು ನಾಲ್ಕನೆಯ ಸುತ್ತಿನ ಶೇ 62.6ರಿಂದ ಐದನೆಯದರಲ್ಲಿ 84.1ಕ್ಕೆ ಏರಿದರು. ಕಾರ್ಡನ್ನು ಪಾತ್ರೆ ಕಪಾಟಿನ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿ ಹುಡುಕಿ, ಹೆಚ್ಚಾಗಿ ಅಲ್ಲೇ ಇರುತ್ತದೆ.

ಮಗುವನ್ನು ಯಾಕೆ ಮಲಗಿಸಿ ಅಳೆಯುತ್ತಾರೆ? ನಮ್ಮ ವಂಶವೇ ಕುಳ್ಳು, ಅದಕ್ಕೂ ಅಪೌಷ್ಟಿಕತೆ ಅನ್ನುತ್ತಾರಾ?

ಎರಡು ವರ್ಷದೊಳಗಿನ ಮಗು ನೆಟ್ಟಗೆ ನಿಲ್ಲುವುದಿಲ್ಲ, ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯುತ್ತಾರೆ. ಇಬ್ಬರು ಹಿಡಿಯಬೇಕು, ಮಗು ಕಿರುಚುತ್ತದೆ, ನೋವೇನೂ ಆಗುವುದಿಲ್ಲ.

ವಂಶದ ಮಾತಿಗೆ ಬಂದರೆ: ಹೋಲಿಸುವ ಅಳತೆಗೋಲು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದದ್ದು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತದ ಮಕ್ಕಳನ್ನು ಅಳೆದು ಮಾಡಿದ್ದು. ನಮ್ಮ ಮಕ್ಕಳು ದಕ್ಷಿಣ ದೆಹಲಿಯವರು. ತಾಯಿ ಧೂಮಪಾನ ಮಾಡದ, ಎದೆಹಾಲು ಕುಡಿದ, ಅನುಕೂಲಸ್ಥ ಮನೆಯ ಮಕ್ಕಳು ಮೊದಲ ಐದು ವರ್ಷ ಯಾವ ದೇಶದಲ್ಲಾದರೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಅದರಿಂದ ಕಂಡದ್ದು. ಒಂದು ಮಗು ಕುಳ್ಳಗಿರುವುದಕ್ಕೆ ವಂಶ ಕಾರಣವಿರಬಹುದು. ಆದರೆ ಐದನೆಯ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದಾಗ ಅಷ್ಟೂ ಮನೆಗೆ ವಂಶ ಅಡ್ಡ ಬಂದಿರಲಾರದು. ಹಿಂದಿನ ಸುತ್ತಿನಲ್ಲಿ ಇದು 36.2 ಇತ್ತು, ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಆಸ್ಪತ್ರೆ ಹೆರಿಗೆ ಶೇ 97 ಮುಟ್ಟಿದ ರಾಜ್ಯದಲ್ಲಿ ಇದು ಹೀಗೆ ನಿಂತಿರುವುದು ವರದಿಯ ಅತ್ಯಂತ ಕಸಿವಿಸಿಯ ಸಾಲು. ಹೆರಿಗೆಯನ್ನು ಆಸ್ಪತ್ರೆಗೆ ತರುವುದು ನಮಗೆ ಗೊತ್ತಾಯಿತು. ಆಮೇಲಿನ ಎರಡು ವರ್ಷ ತಟ್ಟೆಗೆ ಏನು ಬೀಳುತ್ತದೆ ಎಂಬಲ್ಲಿ ಕೈ ಸೋತಿದೆ.

ರಕ್ತಹೀನತೆ ಏರಿದೆ ಅನ್ನುತ್ತಾರೆ. ನಂಬಬಹುದೇ?

ಐದನೆಯ ಸುತ್ತಿನವರೆಗೆ ಬೆರಳಿಗೆ (ಆರರಿಂದ ಹನ್ನೊಂದು ತಿಂಗಳ ಕೂಸಾದರೆ ಹಿಮ್ಮಡಿಗೆ) ಚುಚ್ಚಿ, ಒಂದು ಹನಿ ತೆಗೆದು, ಸಣ್ಣ ಯಂತ್ರದಲ್ಲಿ ಹಿಮೋಗ್ಲೋಬಿನ್ ನೋಡುತ್ತಿದ್ದರು. ಫಲಿತಾಂಶ ಅಲ್ಲೇ ಹೇಳುತ್ತಿದ್ದರು, ತೀರಾ ಕಡಿಮೆ ಇದ್ದರೆ ಆಸ್ಪತ್ರೆಗೆ ಹೋಗಲು ಚೀಟಿ ಕೊಡುತ್ತಿದ್ದರು. ಐದನೆಯ ಸುತ್ತಿನಲ್ಲಿ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67.1 ರಕ್ತಹೀನರು ಎಂದಾಯಿತು, ಅದಕ್ಕೆ ಮುಂಚೆ 58.6 ಇತ್ತು. ಆದರೆ 2016-18ರ ಇನ್ನೊಂದು ರಾಷ್ಟ್ರೀಯ ಪೋಷಣಾ ಸಮೀಕ್ಷೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ನೋಡಿದಾಗ 1ರಿಂದ 4 ವರ್ಷದವರಲ್ಲಿ ಸಿಕ್ಕಿದ್ದು ಸುಮಾರು ಶೇ 41. ಬೆರಳನ್ನು ಹಿಂಡಿದರೆ ಹನಿಯೊಳಗೆ ನೀರಂಶ ಸೇರಿ ಅಂಕಿ ಇಳಿಯುತ್ತದೆ, ಚಳಿಗೆ ಬೆರಳು ತಣ್ಣಗಿದ್ದರೂ ವ್ಯತ್ಯಾಸ ಬರುತ್ತದೆ. ಈ ಜಗಳದ ನಂತರ ಆರನೆಯ ಸುತ್ತಿನಿಂದ ಈ ಪರೀಕ್ಷೆಯನ್ನು ಕೈಬಿಟ್ಟು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರೆ ಸಮೀಕ್ಷೆಗೆ ವಹಿಸಿದರು. ಅಳತೆ ಸರಿಯಿಲ್ಲ ಎಂಬ ವಾದಕ್ಕೆ ಬಲವಿದೆ. ಆದರೆ ಶೇ 41 ಕೂಡ ಸಣ್ಣ ಅಂಕಿಯಲ್ಲ, ಮತ್ತು ಎರಡನೆಯ ಸುತ್ತಿನಿಂದ ನಡೆದುಬಂದ ಸುಮಾರು ಇಪ್ಪತ್ತು ವರ್ಷದ ಸರಣಿಯೊಂದು ನಡುವೆ ಕಡಿದದ್ದೂ ನಷ್ಟವೇ.

ತಾಯಂದಿರ ಮರಣ ಪ್ರಮಾಣ ಯಾಕೆ ಈ ಸಮೀಕ್ಷೆಯಲ್ಲಿ ಜಿಲ್ಲೆವಾರು ಸಿಗುವುದಿಲ್ಲ?

ಯಾಕೆಂದರೆ ಉತ್ತರ ಹೇಳಬೇಕಾದವಳೇ ಇರುವುದಿಲ್ಲ. ಮಗು ಸತ್ತರೆ ತಾಯಿ ಹೇಳುತ್ತಾಳೆ, ತಾಯಿ ಸತ್ತರೆ ಅವಳ ಮನೆಯವರು ಹೇಳಬೇಕು. ಎಷ್ಟೋ ಸಲ ಆ ಮನೆಯೇ ಚದುರಿಹೋಗಿರುತ್ತದೆ, ಕೂಸು ಅಜ್ಜಿಯ ಬಳಿ ಬೇರೆ ಊರಲ್ಲಿರುತ್ತದೆ.

ಎರಡನೆಯ ತೊಡಕು ಎಣಿಕೆಯದು. 2018-20ರಲ್ಲಿ ಕರ್ನಾಟಕದ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 69. ಸಮೀಕ್ಷೆಯಲ್ಲಿ ಹತ್ತು ಸಾವಿರ ಜನನ ಸಿಕ್ಕವು ಅಂತಿಟ್ಟುಕೊಳ್ಳಿ, ಇಡೀ ರಾಜ್ಯಕ್ಕೆ ಏಳು ಸಾವು. ಒಂದು ಹೆಚ್ಚು ಸಿಕ್ಕರೆ 80, ಒಂದು ತಪ್ಪಿದರೆ 60. ಏಳನ್ನು ಜಿಲ್ಲೆಗಳಿಗೆ ಹಂಚುವುದು ಹೇಗೆ? ಮೊದಲ ಸುತ್ತಿನಲ್ಲಿ ಇಡೀ ದೇಶಕ್ಕೆ 424 ಬಂದು ಎರಡನೆಯದರಲ್ಲಿ 540 ಬಂದಾಗ ತಾಯಂದಿರ ಸಾವು ಏರಿತೆಂಬ ಕೂಗೆದ್ದಿತು. ಎರಡರ ನಡುವಿನ ವ್ಯತ್ಯಾಸ ಮಾದರಿಯ ಏರುಪೇರಿನೊಳಗೇ, ಅಂದರೆ ಎಲ್ಲರನ್ನೂ ಕೇಳದೆ ಆಯ್ದವರನ್ನಷ್ಟೇ ಕೇಳಿದಾಗ ಬರುವ ಹೆಚ್ಚುಕಡಿಮೆಯೊಳಗೇ ಇತ್ತು.

ಇದಕ್ಕೆ ಬೇರೆ ಬೇರೆ ಉಪಾಯಗಳಿವೆ. ಅಕ್ಕತಂಗಿಯರ ಬಗ್ಗೆ ಕೇಳುವುದು ಒಂದು: ಎಷ್ಟು ಮಂದಿ ಇದ್ದರು, ಯಾರಾದರೂ ಬಸುರಿನಲ್ಲೋ ಹೆರಿಗೆಯಲ್ಲೋ ತೀರಿಕೊಂಡರೇ? ಗ್ಯಾಂಬಿಯಾದಲ್ಲಿ ಮೊದಲು ಪ್ರಯೋಗಿಸಿ 1989ರಲ್ಲಿ ಪ್ರಕಟಿಸಿದ ವಿಧಾನ ಅದು. ಒಂದು ಮನೆಯಿಂದ ಹಲವು ಹೆಂಗಸರ ಸುದ್ದಿ ಸಿಗುತ್ತದೆ, ಆದರೆ ಅದು ಹಳೆಯ ವರ್ಷಗಳ ಸುದ್ದಿ. ನಮ್ಮಲ್ಲಿ ಪತ್ರಿಕೆಗಳು ಉಲ್ಲೇಖಿಸುವ ಅಂಕಿ ರಿಜಿಸ್ಟ್ರಾರ್ ಜನರಲ್ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆಯದು. ಅದು ಆಯ್ದ ಊರು-ಬ್ಲಾಕುಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಜನರ ಹುಟ್ಟುಸಾವನ್ನು ವರ್ಷವಿಡೀ ಬರೆದಿಡುತ್ತದೆ. ಅಷ್ಟಿದ್ದೂ ಮೂರು ವರ್ಷ ಕೂಡಿಸಿಯೇ ಅದು ತಾಯಿಮರಣ ಹೇಳುತ್ತದೆ, ರಾಜ್ಯಮಟ್ಟಕ್ಕೇ ನಿಲ್ಲುತ್ತದೆ.

ನಮ್ಮ ಜಿಲ್ಲೆ ಪಕ್ಕದ ಜಿಲ್ಲೆಗಿಂತ ಶೇ 2 ಹಿಂದಿದೆ ಎಂದು ಬರೆಯಬಹುದೇ?

ಬರೆಯಬೇಡಿ. ಒಂದು ಜಿಲ್ಲೆಯಲ್ಲಿ ಸುಮಾರು 900 ಮನೆ ಅಂದರೂ ಅಲ್ಲಿ 12ರಿಂದ 23 ತಿಂಗಳ ಮಕ್ಕಳು ಸಿಗುವುದು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ಜಿಲ್ಲಾ ಪಟ್ಟಿಯಲ್ಲಿ ಕಂಸದೊಳಗೆ ಅಂಕಿ ಇದ್ದರೆ ಅದು 25ರಿಂದ 49 ಮಂದಿಯ ಮೇಲೆ ನಿಂತದ್ದು, ನಕ್ಷತ್ರ ಚಿಹ್ನೆ ಇದ್ದರೆ 25ಕ್ಕಿಂತ ಕಡಿಮೆ, ಹಾಗಾಗಿ ಅಂಕಿಯನ್ನೇ ಕೊಟ್ಟಿಲ್ಲ. ತಲೆಬರಹಕ್ಕೆ ಬರುವಾಗ ಆ ಕಂಸ ಮಾತ್ರ ಹೇಗೋ ಉದುರಿಹೋಗಿರುತ್ತದೆ!

ದೊಡ್ಡ ವ್ಯತ್ಯಾಸಗಳು ಬೇರೆ. ಕರ್ನಾಟಕದಲ್ಲಿ ಸಿಸೇರಿಯನ್ ನಾಲ್ಕನೆಯ ಸುತ್ತಿನ ಶೇ 23.6ರಿಂದ ಐದನೆಯದರಲ್ಲಿ 31.5ಕ್ಕೆ ಏರಿದ್ದು, ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇ 47.4 ಇದ್ದು ಸರ್ಕಾರಿಗಳಲ್ಲಿ 14.3 ಇರುವುದು, ಇವು ಮಾದರಿಯ ಏರುಪೇರಿನ ಮಾತಲ್ಲ. ಧೈರ್ಯವಾಗಿ ಬರೆಯಿರಿ.

ಉತ್ತರಗಳನ್ನು ಯಾರು ನೋಡಬಹುದು?

ಹೆಸರು, ವಿಳಾಸ ತೆಗೆದ ಕಡತವನ್ನು ಸಂಶೋಧಕರು ನೋಂದಾಯಿಸಿಕೊಂಡು ಉಚಿತವಾಗಿ ಪಡೆಯಬಹುದು, ಜಗತ್ತಿನ ಎಲ್ಲಿಂದಲಾದರೂ. ಊರಿನ ಜಿಪಿಎಸ್ ಸ್ಥಾನವನ್ನೂ ಬೇಕೆಂದೇ ಸರಿಸಿರುತ್ತಾರೆ: ನಗರವಾದರೆ 2 ಕಿಲೋಮೀಟರ್‌ವರೆಗೆ, ಹಳ್ಳಿಯಾದರೆ 5, ಕೆಲವು ಹಳ್ಳಿಗಳನ್ನು 10ರವರೆಗೂ. ಯಾವ ಊರು, ಯಾವ ಮನೆ ಎಂದು ಹಿಂಬಾಲಿಸಲು ಆಗಬಾರದು ಎಂದು.

ಮುಂದೆಯೂ ಇದು ನಡೆಯುತ್ತದೆಯೇ?

ಇಂಥ ಸಮೀಕ್ಷೆಗಳಿಗೆ 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ಹಣ, ಪ್ರಶ್ನಾವಳಿ, ತರಬೇತಿ ಒದಗಿಸುತ್ತಿದ್ದ ಅಮೆರಿಕದ ಕಾರ್ಯಕ್ರಮವನ್ನು 2025ರ ಆರಂಭದಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ಆ ಹಣವನ್ನೇ ನೆಚ್ಚಿದ್ದ ಆಫ್ರಿಕಾದ ದೇಶಗಳಿಗೆ ಏಟು ದೊಡ್ಡದು. ಭಾರತಕ್ಕೆ ಸ್ವಂತ ಸಂಸ್ಥೆಯೂ ಹಣವೂ ಇದೆ. ನಮ್ಮ ತೊಂದರೆ ಬೇರೆ: ಊರು, ಬ್ಲಾಕುಗಳನ್ನು ಆರಿಸಿದ್ದು 2011ರ ಜನಗಣತಿಯ ಪಟ್ಟಿಯಿಂದ. ಆಮೇಲೆ ಬೆಂಗಳೂರಿನ ಸುತ್ತ ಎಷ್ಟು ಹಳ್ಳಿ ಪಟ್ಟಣವಾದವು ಎಂದು ಹೇಳಬೇಕಾಗಿಲ್ಲ. ಹೊಸ ಗಣತಿ 2027ರಲ್ಲಿ ಮುಗಿದ ಮೇಲೆ ಹೊಸ ಪಟ್ಟಿ ಸಿಗಬೇಕು.

ಬಂದವರು ನಿಜವಾದ ಸಮೀಕ್ಷೆಯವರೇ ಎಂದು ತಿಳಿಯುವುದು ಹೇಗೆ?

ಗುರುತಿನ ಚೀಟಿ ಮತ್ತು ಇಲಾಖೆಯ ಪತ್ರ ಕೇಳಿ, ತೋರಿಸದೆ ಒಳಗೆ ಬಿಡಬೇಡಿ. ಅನುಮಾನವಿದ್ದರೆ ಪಂಚಾಯಿತಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ವಿಚಾರಿಸಿ. ತಂಡ ಊರಿಗೆ ಬಂದದ್ದು ಅಲ್ಲಿ ಗೊತ್ತಿರಬೇಕು. ನಿಜವಾದವರು ಒಟಿಪಿ, ಬ್ಯಾಂಕ್ ಖಾತೆ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ, ಕೊಡುವುದೂ ಇಲ್ಲ. ಕೆಲವು ದಿನ ಬಿಟ್ಟು ಇನ್ನೊಬ್ಬರು ಬಂದು ಅದೇ ನಾಲ್ಕು ಪ್ರಶ್ನೆ ಕೇಳಿದರೆ ಬೇಸರಿಸಬೇಡಿ. ಮೊದಲು ಬಂದವಳು ಮರದ ಕೆಳಗೆ ಕೂತು ತಾನೇ ತುಂಬಿಕೊಂಡು ಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಬಂದವರು ಅವರು.